ಮೊಲ್ಡೊವಾ: ನೆಲ ಒಳಗೆ, ಮತ ಹೊರಗೆ

2024ರ ಅಕ್ಟೋಬರ್ 20ರ ರಾತ್ರಿ ಮೊಲ್ಡೊವಾದಲ್ಲಿ ಮತ ಎಣಿಕೆ ನಡೆಯುತ್ತಿತ್ತು. ಜನರ ಮುಂದಿದ್ದ ಪ್ರಶ್ನೆ: ಯುರೋಪಿಯನ್ ಯೂನಿಯನ್ ಸೇರುವ ಗುರಿಯನ್ನು ಸಂವಿಧಾನದಲ್ಲೇ ಬರೆದಿಡಬೇಕೋ, ಬೇಡವೋ? ಬಹಳ ಹೊತ್ತು ‘ಬೇಡ’ ಎಂದವರೇ ಮುಂದಿದ್ದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಮತ ಎಣಿಸಿದ ಮೇಲೂ ಅದೇ ಕಥೆ. ಕೊನೆಗೆ ಇಟಲಿ, ಜರ್ಮನಿ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ದುಡಿಯುವ ಮೊಲ್ಡೊವಾದವರ ಮತಗಳು ಲೆಕ್ಕಕ್ಕೆ ಬಂದವು. ‘ಬೇಕು’ ಶೇ 50.35ಕ್ಕೆ ಏರಿತು. ಅಂತರ ಸುಮಾರು ಹತ್ತೂವರೆ ಸಾವಿರ ಮತ.

ದೇಶದೊಳಗೆ ಬಿದ್ದ ಮತಗಳನ್ನಷ್ಟೇ ಎಣಿಸಿದ್ದರೆ ‘ಬೇಡ’ ಗೆಲ್ಲುತ್ತಿತ್ತು. ಎರಡು ವಾರ ಕಳೆದು ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತು ನಡೆದಾಗಲೂ ಹೀಗೇ ಆಯಿತು. ಯುರೋಪ್ ಪರ ನಿಲುವಿನ ಅಧ್ಯಕ್ಷೆ ಮಾಯಾ ಸಾಂದು ಶೇ 55ರಷ್ಟು ಮತ ಪಡೆದು ಮತ್ತೆ ಗೆದ್ದರು. ಆದರೆ ದೇಶದೊಳಗಿನ ಮತಗಟ್ಟೆಗಳಲ್ಲಿ ಅವರ ಎದುರಾಳಿ ಅಲೆಕ್ಸಾಂಡರ್ ಸ್ಟೊಯಾನೊಗ್ಲೊ ಸ್ವಲ್ಪ ಮುಂದಿದ್ದರು. ಹೊರದೇಶಗಳಲ್ಲಿ ಬಿದ್ದ ಸುಮಾರು 3.3 ಲಕ್ಷ ಮತಗಳಲ್ಲಿ ಶೇ 80ಕ್ಕಿಂತ ಹೆಚ್ಚು ಸಾಂದು ಅವರಿಗೆ ಹೋದವು.

ಈ ದೇಶದ ಸುದ್ದಿ ಬಂದಾಗಲೆಲ್ಲ ‘ರಷ್ಯಾ ಕಡೆಯೋ, ಯುರೋಪ್ ಕಡೆಯೋ’ ಎಂದು ಕೇಳಿ ಮುಗಿಸುವುದು ರೂಢಿ. ಆ ಪ್ರಶ್ನೆ ಸುಳ್ಳಲ್ಲ, ಆದರೆ ಅದರಡಿ ಇನ್ನೊಂದಿದೆ. ಸರ್ಕಾರದ ಮಾತು ನಡೆಯದ ನೆಲ ದೇಶದ ಒಳಗಿದೆ, ಸರ್ಕಾರವನ್ನು ಆರಿಸುವ ಜನರಲ್ಲಿ ದೊಡ್ಡ ಪಾಲು ಹೊರಗಿದ್ದಾರೆ. ನಕ್ಷೆ, ಜನಸಂಖ್ಯೆ, ಸರ್ಕಾರ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಮೊಲ್ಡೊವಾದ ಈಗಿನ ರಾಜಕೀಯದ ಜಗಳಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹುಟ್ಟುತ್ತವೆ.

ನಕ್ಷೆಯಿಂದಲೇ ಶುರು ಮಾಡೋಣ. ಸಣ್ಣ ದೇಶ, 33,846 ಚದರ ಕಿಲೋಮೀಟರ್. ಪಶ್ಚಿಮಕ್ಕೆ ರೊಮೇನಿಯಾ, ಉಳಿದ ಮೂರೂ ದಿಕ್ಕಿಗೆ ಉಕ್ರೇನ್. ರೊಮೇನಿಯಾ ಕಡೆಯ ಗಡಿ ಎಂದರೆ ಪ್ರುತ್ ನದಿ. ಪೂರ್ವದಲ್ಲಿ ನಿಸ್ತ್ರು ಹರಿಯುತ್ತದೆ. ನಮ್ಮ ಭೂಪಟಗಳಲ್ಲಿ ಇದು ಡ್ನೀಸ್ಟರ್. ನಡುವೆ ಏರಿಳಿತದ ನೆಲ. ಬೆಟ್ಟ ಎನ್ನುವಂಥದ್ದೇನೂ ಇಲ್ಲ, ಅತಿ ಎತ್ತರದ ಬಲನೆಶ್ತಿ ಗುಡ್ಡವೂ ಸುಮಾರು 430 ಮೀಟರ್ ಅಷ್ಟೇ. ಆದರೆ ಮಣ್ಣು ಬಂಗಾರ. ನೆಲದ ಮುಕ್ಕಾಲು ಪಾಲು ‘ಚೆರ್ನೊಜೆಮ್’ ಎಂಬ ಕಪ್ಪು ಮಣ್ಣು. ಗೋಧಿ, ಮುಸುಕಿನ ಜೋಳ, ಸೂರ್ಯಕಾಂತಿ, ದ್ರಾಕ್ಷಿ ಸೊಗಸಾಗಿ ಬೆಳೆಯುತ್ತವೆ. ದೇಶಕ್ಕೆ ಬೇಕಾದಷ್ಟು ಗ್ಯಾಸ್, ಕಲ್ಲಿದ್ದಲು ಮಾತ್ರ ಈ ನೆಲದಲ್ಲಿ ಸಿಗುವುದಿಲ್ಲ.

ಕಡಲೂ ಇಲ್ಲ. ಇದು ಪ್ರಕೃತಿ ಮಾಡಿದ್ದಲ್ಲ. ಪ್ರುತ್ ಮತ್ತು ನಿಸ್ತ್ರು ನಡುವಿನ ಸೀಮೆಗೆ ಹಿಂದೆ ಬೆಸರಾಬಿಯಾ ಎಂದು ಹೆಸರು. ಅದು ಕಪ್ಪು ಸಮುದ್ರದವರೆಗೂ ಹಬ್ಬಿತ್ತು. 1812ರಲ್ಲಿ ರಷ್ಯಾದ ಜಾರ್ ಸಾಮ್ರಾಜ್ಯದ ಪಾಲಾಯಿತು, 1918ರಲ್ಲಿ ರೊಮೇನಿಯಾ ಜೊತೆ ಸೇರಿತು. 1940ರ ಜೂನ್‌ನಲ್ಲಿ, ಹಿಟ್ಲರ್ ಜೊತೆ ಮಾಡಿಕೊಂಡಿದ್ದ ಗುಟ್ಟಿನ ಒಪ್ಪಂದದ ಬಲದಿಂದ, ಸ್ಟಾಲಿನ್ ಇದನ್ನು ಕಿತ್ತುಕೊಂಡ. ಆಮೇಲೆ ಮಾಸ್ಕೋ ಕೂತು ಗಡಿ ಬರೆಯಿತು. ದಕ್ಷಿಣದ ಬುಜಾಕ್ ಸೀಮೆ, ಅಂದರೆ ಸಮುದ್ರ ತೀರದ ಭಾಗ, ಸೋವಿಯತ್ ಉಕ್ರೇನಿಗೆ ಹೋಯಿತು. ನಿಸ್ತ್ರುವಿನ ಆಚೆ ದಡದಲ್ಲಿ 1924ರಿಂದ ಉಕ್ರೇನಿನೊಳಗೆ ಒಂದು ಸ್ವಾಯತ್ತ ಮೊಲ್ಡೇವಿಯಾ ಇತ್ತು. ಅದರ ಒಂದು ಪಟ್ಟಿ ನೆಲವನ್ನು ತಂದು ಇತ್ತ ಅಂಟಿಸಿದರು. ಒಂದೇ ಕೈಬರಹದಲ್ಲಿ ಸಮುದ್ರ ಹೋಯಿತು, ಈ ಪಟ್ಟಿ, ಅಂದರೆ ಟ್ರಾನ್ಸ್‌ನಿಸ್ಟ್ರಿಯಾ ಬಂತು. ಆಗ ಎಲ್ಲವೂ ಸೋವಿಯತ್ ಒಕ್ಕೂಟದ ಒಳಗಿನ ಗಡಿ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1991ರ ಆಗಸ್ಟ್ 27ರಂದು ಮೊಲ್ಡೊವಾ ಸ್ವತಂತ್ರವಾದಾಗ ಅದೇ ಗೆರೆಗಳು ದೇಶದ ಗಡಿಗಳಾದವು.

ಕಡಲಿನ ಆಸೆಯನ್ನು ಮೊಲ್ಡೊವಾ ಪೂರ್ತಿ ಬಿಟ್ಟಿಲ್ಲ. ದಕ್ಷಿಣದ ತುತ್ತತುದಿಯಲ್ಲಿ, ಜ್ಯುರ್ಜ್ಯುಲೆಶ್ತಿ ಎಂಬಲ್ಲಿ, ಡ್ಯಾನ್ಯೂಬ್ ನದಿಯ ದಡ ಸುಮಾರು ಅರ್ಧ ಕಿಲೋಮೀಟರ್‌ನಷ್ಟು ಅದರ ಪಾಲಿಗೆ ಇದೆ. ಅಷ್ಟೇ ಜಾಗದಲ್ಲಿ ಒಂದು ಬಂದರು ಕಟ್ಟಿಕೊಂಡಿದ್ದಾರೆ. ಕಪ್ಪು ಸಮುದ್ರ ಅಲ್ಲಿಂದ ಸುಮಾರು 130 ಕಿ.ಮೀ. ದೂರ, ಸಣ್ಣ ಹಡಗುಗಳು ನದಿಯಲ್ಲೇ ಬರುತ್ತವೆ. ಈ ಜಾಗವೂ ಪುಕ್ಕಟೆ ಸಿಗಲಿಲ್ಲ. 1999ರಲ್ಲಿ ಉಕ್ರೇನ್ ಜೊತೆ ಒಂದು ಕೊಡು-ಕೊಳ್ಳು ಒಪ್ಪಂದ ಆಯಿತು. ಡ್ಯಾನ್ಯೂಬ್ ದಡದ ತುಂಡಿಗೆ ಬದಲಾಗಿ, ಪಲಾಂಕಾ ಹಳ್ಳಿಯ ಬಳಿ ಮೊಲ್ಡೊವಾದೊಳಗೆ ಹಾದುಹೋಗುವ ಒಡೆಸಾ-ರೆನಿ ರಸ್ತೆಯ 7.7 ಕಿ.ಮೀ. ಭಾಗವನ್ನು ಉಕ್ರೇನಿಗೆ ಬಿಟ್ಟುಕೊಡಬೇಕಾಯಿತು.

ಪಲಾಂಕಾ ಹೆಸರು ಇಲ್ಲಿ ಕೆಲವರಿಗೆ ನೆನಪಿರಬಹುದು. 2022ರ ಮಾರ್ಚ್‌ನಲ್ಲಿ ‘ಆಪರೇಷನ್ ಗಂಗಾ’ ನಡೆದಾಗ ದಕ್ಷಿಣ ಉಕ್ರೇನಿನಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಹೊರಬರಲು ಇದ್ದ ದಾರಿಗಳಲ್ಲಿ ಇದೂ ಒಂದು. ಮೊಲ್ಡೊವಾ ದಾಟಿ ಬುಕಾರೆಸ್ಟ್‌ಗೆ ಹೋಗಿ ವಿಮಾನ ಹತ್ತಬೇಕಿತ್ತು. ಮೊಲ್ಡೊವಾದ ರಾಜಧಾನಿ ಕಿಶಿನೌನಲ್ಲೂ ನಮ್ಮ ದೇಶದ ಮೆಡಿಕಲ್ ವಿದ್ಯಾರ್ಥಿಗಳಿದ್ದಾರೆ.

ಇನ್ನು ನಿಸ್ತ್ರುವಿನ ಆಚೆ ದಡ. ಸೋವಿಯತ್ ಒಕ್ಕೂಟ ಕುಸಿಯುವಾಗ ಕಿಶಿನೌ ರೊಮೇನಿಯನ್ ಭಾಷೆಯನ್ನೂ ಲ್ಯಾಟಿನ್ ಲಿಪಿಯನ್ನೂ ಮತ್ತೆ ತಂದಿತು. ಆಚೆ ದಡದ ಕಾರ್ಖಾನೆ ಊರುಗಳಲ್ಲಿ ರಷ್ಯನ್ ಮಾತಾಡುವವರು ಜಾಸ್ತಿ. ಅವರಿಗೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಕಾರ್ಖಾನೆ ಮತ್ತು ಪಕ್ಷದ ಮುಖ್ಯಸ್ಥರಿಗೆ, ಇದು ಬೇಡವಾಗಿತ್ತು. 1992ರಲ್ಲಿ ಯುದ್ಧವೇ ಆಯಿತು. ನೂರಾರು ಜನ ಸತ್ತರು. ಅಲ್ಲೇ ಬೀಡುಬಿಟ್ಟಿದ್ದ ರಷ್ಯಾದ 14ನೇ ಸೇನೆ ಪ್ರತ್ಯೇಕತಾವಾದಿಗಳ ಕಡೆ ನಿಂತಿತು. ಜುಲೈ 21ರಂದು ಕದನವಿರಾಮ. ಅವತ್ತಿನಿಂದ ಇವತ್ತಿನವರೆಗೂ ಅದು ಹಾಗೇ ನಿಂತಿದೆ.

ಟ್ರಾನ್ಸ್‌ನಿಸ್ಟ್ರಿಯಾಕ್ಕೆ ತನ್ನದೇ ಅಧ್ಯಕ್ಷ, ತನ್ನದೇ ರೂಬಲ್, ತನ್ನದೇ ಪೊಲೀಸ್, ಕುಡುಗೋಲು-ಸುತ್ತಿಗೆ ಇರುವ ಬಾವುಟ ಎಲ್ಲ ಇದೆ. ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶ ಅದನ್ನು ದೇಶವೆಂದು ಒಪ್ಪಿಲ್ಲ, ರಷ್ಯಾ ಕೂಡ. ಸುಮಾರು 1,500 ರಷ್ಯನ್ ಸೈನಿಕರು ಅಲ್ಲಿದ್ದಾರೆ. ಕೊಬಾಸ್ನಾ ಎಂಬಲ್ಲಿ ಸುಮಾರು 20,000 ಟನ್ ಹಳೆಯ ಮದ್ದುಗುಂಡಿನ ರಾಶಿ ಇದೆ. 1999ರ ಇಸ್ತಾಂಬುಲ್ ಶೃಂಗಸಭೆಯಲ್ಲಿ ಸೇನೆ ವಾಪಸ್ ಕರೆಸುತ್ತೇವೆ ಎಂದು ರಷ್ಯಾ ಮಾತು ಕೊಟ್ಟಿತ್ತು. ಮಾತು ಮಾತಾಗಿಯೇ ಉಳಿಯಿತು.

ನದಿಯೇ ಗಡಿ ಎಂದುಕೊಂಡರೆ ಅದೂ ಸರಿಯಲ್ಲ. ಬೆಂದೇರ್ ಪಟ್ಟಣ ಈಚೆ ದಡದಲ್ಲಿದ್ದರೂ ಟ್ರಾನ್ಸ್‌ನಿಸ್ಟ್ರಿಯಾದ ರಾಜಧಾನಿ ತಿರಾಸ್ಪೋಲ್ ಹಿಡಿತದಲ್ಲಿದೆ. ಕೊಚಿಯೇರಿಯಂಥ ಕೆಲವು ಹಳ್ಳಿಗಳು ಆಚೆ ದಡದಲ್ಲಿದ್ದರೂ ಕಿಶಿನೌ ಮಾತು ಕೇಳುತ್ತವೆ. ಫುಟ್‌ಬಾಲ್‌ನಲ್ಲಂತೂ ಗಡಿಯೇ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮೈದಾನದಲ್ಲೇ 2-1ರಿಂದ ಸೋಲಿಸಿದ ಶೆರಿಫ್ ತಿರಾಸ್ಪೋಲ್ ತಂಡ ಟ್ರಾನ್ಸ್‌ನಿಸ್ಟ್ರಿಯಾದ್ದು. ಆದರೆ ಅದು ಯುರೋಪಿಗೆ ಹೋದದ್ದು ಮೊಲ್ಡೊವಾದ ಚಾಂಪಿಯನ್ ಆಗಿ! ಪ್ರತ್ಯೇಕತೆ ಬೇಕು, ಲೀಗ್ ಮಾತ್ರ ನಿಮ್ಮದೇ ಇರಲಿ ಎಂಬ ಧೋರಣೆ. ಸೂಪರ್‌ಮಾರ್ಕೆಟ್, ಪೆಟ್ರೋಲ್ ಬಂಕ್, ಟಿವಿ, ಫೋನ್ ಹೀಗೆ ಅಲ್ಲಿನ ಬಹುಪಾಲು ವ್ಯಾಪಾರ ನಡೆಸುವುದೂ ಅದೇ ಶೆರಿಫ್ ಕಂಪನಿ.

ಈ ಪಟ್ಟಿ ನೆಲ ಮೂರು ದಶಕ ಹೇಗೆ ಬದುಕಿತು? ಸೈನ್ಯಕ್ಕಿಂತ ಗ್ಯಾಸ್ ಅದನ್ನು ಬದುಕಿಸಿತು. ರಷ್ಯಾದ ಗಾಜ್‌ಪ್ರೋಮ್ ಉಕ್ರೇನ್ ಮೂಲಕ ಗ್ಯಾಸ್ ಕಳಿಸುತ್ತಿತ್ತು. ಟ್ರಾನ್ಸ್‌ನಿಸ್ಟ್ರಿಯಾ ದುಡ್ಡು ಕೊಡುತ್ತಿರಲಿಲ್ಲ, ಸಾಲ ಮಾತ್ರ ಕಾಗದದ ಮೇಲೆ ಬೆಳೆಯುತ್ತಿತ್ತು. ಆ ಗ್ಯಾಸ್‌ನಿಂದ ಕುಚುರ್ಗಾನ್ ಸ್ಥಾವರದಲ್ಲಿ ಕರೆಂಟ್ ತಯಾರಾಗುತ್ತಿತ್ತು. ಅದನ್ನು ಕೊಳ್ಳುತ್ತಿದ್ದವರು ಯಾರು? ಕಿಶಿನೌ ಸರ್ಕಾರವೇ. ಬಲದಂಡೆಯ, ಅಂದರೆ ಕಿಶಿನೌ ಆಳುವ ಈಚೆ ದಡದ, ವಿದ್ಯುತ್ತಿನ ಬಹುಪಾಲು ಅಲ್ಲಿಂದ ಬರುತ್ತಿತ್ತು. ಆ ಹಣ ತಿರಾಸ್ಪೋಲ್‌ನ ಖಜಾನೆ ತುಂಬುತ್ತಿತ್ತು. ತನ್ನನ್ನು ಒಡೆದ ಪ್ರಾಂತ್ಯಕ್ಕೆ ತಿಂಗಳು ತಿಂಗಳು ಸಂಬಳ ಕೊಟ್ಟಂತೆ ಅಲ್ವಾ? ಕಿಶಿನೌ ರಾಜಕಾರಣಿಗಳಿಗೆ ಇದು ಗೊತ್ತಿರಲಿಲ್ಲ ಎಂದೇನಲ್ಲ. ಅಗ್ಗದ ಕರೆಂಟ್ ಎಲ್ಲರಿಗೂ ಹಿತವಾಗಿತ್ತು. ಬೇರೆ ಕಡೆಯಿಂದ ತರೋಣ ಎಂದರೆ ರೊಮೇನಿಯಾದಿಂದ ಬರುವ ದೊಡ್ಡ ವಿದ್ಯುತ್ ಲೈನ್ ಕೂಡ ಕುಚುರ್ಗಾನ್ ಮುಟ್ಟಿಯೇ ಕಿಶಿನೌಗೆ ಬರುತ್ತಿತ್ತು. ಸೋವಿಯತ್ ಕಾಲದ ಎಂಜಿನಿಯರ್‌ಗಳು ಇಡೀ ಸೀಮೆಯನ್ನು ಒಂದೇ ಮನೆ ಎಂದುಕೊಂಡು ತಂತಿ ಎಳೆದಿದ್ದರು.

2025ರ ಜನವರಿ 1ರಂದು ಈ ಸರಪಳಿ ತುಂಡಾಯಿತು. ಉಕ್ರೇನ್ ತನ್ನ ನೆಲದ ಮೇಲೆ ರಷ್ಯಾ ಗ್ಯಾಸ್ ಸಾಗಿಸುವ ಒಪ್ಪಂದವನ್ನು ಮುಂದುವರಿಸಲಿಲ್ಲ. ಗಾಜ್‌ಪ್ರೋಮ್‌ಗೆ ಬೇರೆ ದಾರಿಯಿಂದ ಕಳಿಸಲು ಅವಕಾಶವಿತ್ತು. ಆದರೆ ಮೊಲ್ಡೊವಾ 709 ಮಿಲಿಯನ್ ಡಾಲರ್ ಬಾಕಿ ಇಟ್ಟುಕೊಂಡಿದೆ ಎಂದು ಹೇಳಿ ಪೂರೈಕೆ ನಿಲ್ಲಿಸಿತು. ಕಿಶಿನೌ ಮಾಡಿಸಿದ ಅಂತರರಾಷ್ಟ್ರೀಯ ಆಡಿಟ್ ಪ್ರಕಾರ ಬಾಕಿ ಇದ್ದದ್ದು 8.6 ಮಿಲಿಯನ್ ಮಾತ್ರ. ಲೆಕ್ಕದ ಜಗಳ ಹಾಗಿರಲಿ. ನಡು ಚಳಿಗಾಲದಲ್ಲಿ ಟ್ರಾನ್ಸ್‌ನಿಸ್ಟ್ರಿಯಾದ ಮನೆಗಳಲ್ಲಿ ಹೀಟಿಂಗ್ ನಿಂತಿತು, ಬಿಸಿನೀರು ನಿಂತಿತು. ದಿನಾ ಸರದಿಯಂತೆ ಕರೆಂಟ್ ತೆಗೆದರು. ಕಾರ್ಖಾನೆಗಳು ಬಾಗಿಲು ಹಾಕಿದವು. ಜನ ಸೌದೆ ಒಟ್ಟಿದರು.

ಬಲದಂಡೆ ಕತ್ತಲಲ್ಲಿ ಕೂರಲಿಲ್ಲ. ಮೊಲ್ಡೊವಾದ ಗ್ರಿಡ್ 2022ರ ಮಾರ್ಚ್‌ನಲ್ಲೇ ಯುರೋಪಿನ ಗ್ರಿಡ್ ಜೊತೆ ಸೇರಿತ್ತು. ರೊಮೇನಿಯಾದ ಯಾಶ್ ನಗರದಿಂದ ಉಂಗೇನಿ ಮೂಲಕ ಕಿಶಿನೌವರೆಗೆ ಗ್ಯಾಸ್ ಪೈಪ್ ಕೂಡ ಇತ್ತು. ರೊಮೇನಿಯಾದಿಂದ ಕರೆಂಟ್ ತರಿಸಿದರು. ಆದರೆ ಬಿಲ್ ಏರಿತು, ಜನ ಗೊಣಗಿದರು. ಫೆಬ್ರವರಿ ಹೊತ್ತಿಗೆ ಯುರೋಪಿಯನ್ ಯೂನಿಯನ್ ಹಣ ಕೊಟ್ಟು ಟ್ರಾನ್ಸ್‌ನಿಸ್ಟ್ರಿಯಾಕ್ಕೂ ಒಂದಿಷ್ಟು ಗ್ಯಾಸ್ ಹೋಯಿತು. ಆಮೇಲೆ ಒಂದು ಹಂಗೇರಿ ಕಂಪನಿ ಮೂಲಕ ಪೂರೈಕೆ ಶುರುವಾಯಿತು.

ಬಂದೂಕು ಮೂವತ್ತು ವರ್ಷದಲ್ಲಿ ಮಾಡದ ಕೆಲಸವನ್ನು ಒಂದು ವಾಲ್ವ್ ಒಂದೇ ತಿಂಗಳಲ್ಲಿ ಮಾಡಿತು. ಟ್ರಾನ್ಸ್‌ನಿಸ್ಟ್ರಿಯಾದ ಹಳೆಯ ಆರ್ಥಿಕತೆ ಅಲ್ಲಿಗೆ ಮುಗಿಯಿತು ಎಂದೇ ನನ್ನ ಅಂದಾಜು. ಆದರೆ ಅದನ್ನು ವಾಪಸ್ ಸೇರಿಸಿಕೊಳ್ಳುವ ಖರ್ಚು ಯಾರದು? ಪಿಂಚಣಿ, ಸಂಬಳ, ಹಳೆಯ ಕಾರ್ಖಾನೆ, ಮದ್ದುಗುಂಡಿನ ರಾಶಿ ಎಲ್ಲವೂ ಜೊತೆಗೇ ಬರುತ್ತವೆ. ಕಿಶಿನೌನಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಒಂದಾಗಬೇಕು ಎಂದು ಎಲ್ಲರೂ ಹೇಳುತ್ತಾರೆ, ಯಾವಾಗ ಎಂದು ಯಾರೂ ಹೇಳುವುದಿಲ್ಲ.

ಈಗ ಜನರ ಲೆಕ್ಕ. 1989ರ ಸೋವಿಯತ್ ಜನಗಣತಿಯಲ್ಲಿ ಎರಡೂ ದಡ ಸೇರಿ ಸುಮಾರು 43 ಲಕ್ಷ ಜನ ಇದ್ದರು. 2024ರ ಜನಗಣತಿಯಲ್ಲಿ, ಟ್ರಾನ್ಸ್‌ನಿಸ್ಟ್ರಿಯಾ ಬಿಟ್ಟು, ಸಿಕ್ಕಿದ್ದು 24 ಲಕ್ಷ ಚಿಲ್ಲರೆ. ಹತ್ತು ವರ್ಷದ ಹಿಂದಿನ ಎಣಿಕೆಯಲ್ಲಿ ಇದು ಸುಮಾರು 28 ಲಕ್ಷ ಇತ್ತು. ಯುದ್ಧವಿಲ್ಲದೆ, ಬರವಿಲ್ಲದೆ, ಹತ್ತು ವರ್ಷಕ್ಕೆ ಏಳರಲ್ಲಿ ಒಬ್ಬರು ಕಡಿಮೆ! ಉಳಿದವರಲ್ಲಿ ಸುಮಾರು 7.2 ಲಕ್ಷ ಜನ, ಅಂದರೆ ಮೂರರಲ್ಲಿ ಹತ್ತಿರ ಹತ್ತಿರ ಒಬ್ಬರು, ಕಿಶಿನೌ ಆಡಳಿತ ವ್ಯಾಪ್ತಿಯಲ್ಲೇ ಇದ್ದಾರೆ. ಹಳ್ಳಿಗಳಲ್ಲಿ ಮುದುಕರು ಮತ್ತು ಬೀಗ ಹಾಕಿದ ಮನೆಗಳು.

ಹೋದವರು ಎಲ್ಲಿಗೆ ಹೋದರು? ಮೊದಮೊದಲು ರಷ್ಯಾಕ್ಕೆ, ಕಟ್ಟಡದ ಕೆಲಸಕ್ಕೆ. ಇಟಲಿಗೆ ಹೋದವರಲ್ಲಿ ಹೆಂಗಸರು ಜಾಸ್ತಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ. ಆಮೇಲೆ ಜರ್ಮನಿ, ಫ್ರಾನ್ಸ್, ಬ್ರಿಟನ್. ಅಜ್ಜ ಅಜ್ಜಿ 1940ಕ್ಕೆ ಮೊದಲು ರೊಮೇನಿಯಾ ಪ್ರಜೆಗಳಾಗಿದ್ದರೆ ಮೊಮ್ಮಕ್ಕಳಿಗೆ ರೊಮೇನಿಯಾ ಪಾಸ್‌ಪೋರ್ಟ್ ಸಿಗುತ್ತದೆ. ಲಕ್ಷಾಂತರ ಜನ ಹೀಗೆ ಪಡೆದಿದ್ದಾರೆ. ಮೊಲ್ಡೊವಾ ಇನ್ನೂ ಯುರೋಪಿಯನ್ ಯೂನಿಯನ್ ಸೇರಿಲ್ಲ, ಆದರೆ ಅದರ ಜನರಲ್ಲಿ ಬಹಳಷ್ಟು ಮಂದಿ ಒಬ್ಬೊಬ್ಬರಾಗಿ ಸೇರಿ ಆಗಿದೆ.

ಮತದಾರರ ಪಟ್ಟಿ ನೋಡಿದರೆ ಇನ್ನೂ ಸೋಜಿಗ. ಅದರಲ್ಲಿ ಸುಮಾರು 33 ಲಕ್ಷ ಹೆಸರುಗಳಿವೆ. ಜನಗಣತಿಯಲ್ಲಿ ಕೂಸುಗಳನ್ನೂ ಸೇರಿಸಿ ಸಿಕ್ಕಿದ್ದು 24 ಲಕ್ಷ! ಇದು ಮೋಸವಲ್ಲ. ಹೊರದೇಶದಲ್ಲಿರುವವರು, ಟ್ರಾನ್ಸ್‌ನಿಸ್ಟ್ರಿಯಾದಲ್ಲಿರುವ ಮೊಲ್ಡೊವಾ ಪ್ರಜೆಗಳು ಎಲ್ಲರೂ ಪಟ್ಟಿಯಲ್ಲಿದ್ದಾರೆ. ಈ ದೇಶದ ‘ಜನ’ ಯಾರು ಎಂಬ ಪ್ರಶ್ನೆಗೆ ಜನಗಣತಿ ಒಂದು ಉತ್ತರ ಕೊಡುತ್ತದೆ, ಮತದಾರರ ಪಟ್ಟಿ ಇನ್ನೊಂದು.

ಸರ್ಕಾರದ ರಚನೆ ಸರಳ. ಒಂದೇ ಸದನದ ಸಂಸತ್ತು, 101 ಸ್ಥಾನ. ಇಡೀ ದೇಶ ಒಂದೇ ಕ್ಷೇತ್ರ. ಒಟ್ಟು ಮತದಲ್ಲಿ ಪಕ್ಷಕ್ಕೆ ಕನಿಷ್ಠ ಶೇ 5 ಬಂದರೆ ಪಾಲಿಗೆ ತಕ್ಕಂತೆ ಸೀಟು. ಅಧ್ಯಕ್ಷರನ್ನು 2016ರಿಂದ ಜನರೇ ನೇರವಾಗಿ ಆರಿಸುತ್ತಾರೆ, ಆದರೂ ಅಧಿಕಾರದ ಕೀಲಿ ಇರುವುದು ಪ್ರಧಾನಿ ಮತ್ತು ಸಂಸತ್ತಿನ ಕೈಯಲ್ಲಿ. ಅಧ್ಯಕ್ಷರಿಗೆ ತೋಚಿದಾಗ ಸಂಸತ್ತನ್ನು ವಿಸರ್ಜಿಸಲು ಬರುವುದಿಲ್ಲ. ಹಾಗಾಗಿ 2025ರ ಸೆಪ್ಟೆಂಬರ್ 28ರ ಸಂಸತ್ ಚುನಾವಣೆ ಸಾಂದು ಅವರ ಸ್ವಂತ ಗೆಲುವಿಗಿಂತ ದೊಡ್ಡ ಪಂದ್ಯವಾಗಿತ್ತು. ಅವರ ಪಕ್ಷ ಪಿಎಎಸ್ ಶೇ 50.2 ಮತ, 55 ಸ್ಥಾನ ಪಡೆಯಿತು. ರಷ್ಯಾ ಕಡೆ ಒಲವಿರುವ ಪೇಟ್ರಿಯಾಟಿಕ್ ಬ್ಲಾಕ್‌ಗೆ 26. 2021ರಲ್ಲಿ ಪಿಎಎಸ್‌ಗೆ 63 ಇದ್ದವು. ಇಳಿದರೂ ಬಹುಮತ ಉಳಿಯಿತು. ಉದ್ಯಮದಿಂದ ಬಂದ ಅಲೆಕ್ಸಾಂಡ್ರು ಮುಂತ್ಯಾನು ಪ್ರಧಾನಿಯಾದರು. ಈ ಸಲ ದೇಶದೊಳಗಿನ ಮತದಲ್ಲೂ ಪಿಎಎಸ್ ಮೊದಲ ಸ್ಥಾನದಲ್ಲಿತ್ತು. ಅರ್ಧ ದಾಟಿಸಿದ್ದು ಮಾತ್ರ ಮತ್ತೆ ಹೊರಗಿನವರೇ.

ವಿರೋಧಿಗಳ ದೂರು ಏನೆಂದರೆ, ಪಶ್ಚಿಮ ಯುರೋಪಿನಲ್ಲಿ ನೂರಾರು ಮತಗಟ್ಟೆ, ರಷ್ಯಾದಲ್ಲಿ ಎರಡೇ ಎರಡು, ಅದೂ ಮಾಸ್ಕೋದಲ್ಲಿ. ಟ್ರಾನ್ಸ್‌ನಿಸ್ಟ್ರಿಯಾದವರಿಗೆ 2024ರಲ್ಲಿ 30 ಇದ್ದದ್ದು 2025ರಲ್ಲಿ 12ಕ್ಕೆ ಇಳಿಯಿತು. ಮತದಾನಕ್ಕೆ ಎರಡು ದಿನ ಇರುವಾಗ ಎರಡು ವಿರೋಧ ಪಕ್ಷಗಳನ್ನು ಕಣದಿಂದ ಹೊರಗಿಟ್ಟರು. ಸರ್ಕಾರದ ಉತ್ತರವೂ ಹಗುರವಾದದ್ದಲ್ಲ. ರಷ್ಯಾದ ಬ್ಯಾಂಕ್ ಮೂಲಕ ಲಕ್ಷಕ್ಕೂ ಹೆಚ್ಚು ಜನರಿಗೆ ದುಡ್ಡು ಹಂಚಿ ಮತ ಕೊಳ್ಳಲು ನೋಡಿದರು ಎಂದು 2024ರಲ್ಲಿ ಪೊಲೀಸರು ಹೇಳಿದ್ದರು. ಈ ಜಾಲದ ಹಿಂದೆ ಇದ್ದಾರೆ ಎನ್ನಲಾದ ಇಲಾನ್ ಶೋರ್, 2014ರಲ್ಲಿ ಮೂರು ಬ್ಯಾಂಕ್‌ಗಳಿಂದ ಸುಮಾರು ಒಂದು ಬಿಲಿಯನ್ ಡಾಲರ್ ಮಾಯವಾದ ಪ್ರಕರಣದಲ್ಲಿ 15 ವರ್ಷ ಶಿಕ್ಷೆಗೆ ಗುರಿಯಾಗಿ ತಲೆಮರೆಸಿಕೊಂಡವರು. ಮತ ಕೊಳ್ಳುವುದನ್ನು ತಡೆಯಲೇಬೇಕು, ಒಪ್ಪೋಣ. ಆದರೆ ಮತಗಟ್ಟೆ ಕಡಿಮೆ ಮಾಡಿದ್ದು, ಕೊನೆ ಗಳಿಗೆಯಲ್ಲಿ ಪಕ್ಷ ತೆಗೆದದ್ದು ಸರ್ಕಾರಕ್ಕೆ ಗೌರವ ತರುವ ಕೆಲಸ ಅಲ್ಲ. ಗೆಲ್ಲುವ ಚುನಾವಣೆಗೆ ಸುಮ್ನೆ ಕಲೆ ಹಚ್ಚಿಕೊಂಡಂತಾಯಿತು. ಹೊರಗಿನವರ ಮತ ಲೆಕ್ಕಕ್ಕೆ ಹಿಡಿಯಬಾರದು ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಊರಿನ ಎಷ್ಟೋ ಮನೆಗಳು ನಡೆಯುವುದು ಅವರು ಕಳಿಸುವ ದುಡ್ಡಿನಿಂದ.

ಗಗೌಜಿಯಾದ ಕತೆ ಇನ್ನೂ ಕಷ್ಟದ್ದು. ದಕ್ಷಿಣದ ಈ ಸೀಮೆಯ ಜನ ತುರ್ಕಿ ಬಳಗದ ಭಾಷೆಯವರು, ಆದರೆ ಆರ್ಥಡಾಕ್ಸ್ ಕ್ರೈಸ್ತರು. 2024ರ ಜನಗಣತಿಯಲ್ಲಿ ಗಗೌಜರು ಶೇ 4ರಷ್ಟು. 1994ರ ಕಾನೂನಿನಿಂದ ಅವರಿಗೆ ಸ್ವಾಯತ್ತ ಆಡಳಿತ ಸಿಕ್ಕಿತು. ರಾಜಧಾನಿ ಕೊಮ್ರಾತ್. ಮುಖ್ಯಸ್ಥರನ್ನು ‘ಬಷ್ಕಾನ್’ ಎನ್ನುತ್ತಾರೆ. ಮೊಲ್ಡೊವಾ ಸ್ವತಂತ್ರ ದೇಶವಾಗಿ ಉಳಿಯದಿದ್ದರೆ ತಮ್ಮ ದಾರಿ ತಾವು ನೋಡಿಕೊಳ್ಳುವ ಹಕ್ಕೂ ಆ ಕಾನೂನಿನಲ್ಲಿದೆ. ರೊಮೇನಿಯಾ ಜೊತೆ ಸೇರಿಬಿಡುತ್ತಾರೋ ಎಂಬ ಭಯದಿಂದ ಹುಟ್ಟಿದ ಮಾತು ಅದು. 2024ರಲ್ಲಿ ಯುರೋಪಿಯನ್ ಯೂನಿಯನ್ ಪ್ರಶ್ನೆಗೆ ಮತ ಹಾಕಿದಾಗ ಇಲ್ಲಿ ಶೇ 95ರಷ್ಟು ಜನ ‘ಬೇಡ’ ಎಂದರು. 2023ರಲ್ಲಿ ಬಷ್ಕಾನ್ ಆಗಿ ಗೆದ್ದ ಯೆವ್ಗೇನಿಯಾ ಗುತ್ಸುಲ್ ಅವರಿಗೆ, ಶೋರ್ ಪಕ್ಷಕ್ಕೆ ಅಕ್ರಮವಾಗಿ ಹಣ ತಂದ ಪ್ರಕರಣದಲ್ಲಿ, 2025ರ ಆಗಸ್ಟ್‌ನಲ್ಲಿ ಕೆಳ ನ್ಯಾಯಾಲಯ ಏಳು ವರ್ಷ ಜೈಲು ಶಿಕ್ಷೆ ಕೊಟ್ಟಿತು. ಕಾನೂನಿನ ಪ್ರಕಾರ ತೀರ್ಪು ಸರಿ ಇರಬಹುದು, ಕೊಮ್ರಾತ್‌ನ ಬೀದಿಯಲ್ಲಿ ಅದನ್ನು ಕಾನೂನಿನ ಕೆಲಸವಾಗಿ ನೋಡುವವರು ಕಡಿಮೆ. ಟ್ರಾನ್ಸ್‌ನಿಸ್ಟ್ರಿಯಾಕ್ಕೆ ನಾಳೆ ಕಿಶಿನೌ ಸ್ವಾಯತ್ತತೆ ಕೊಡುತ್ತೇನೆ ಎಂದರೆ ಅಲ್ಲಿನವರು ಮೊದಲು ನೋಡುವುದು ಗಗೌಜಿಯಾವನ್ನೇ.

ಯುರೋಪಿಯನ್ ಯೂನಿಯನ್ ಕಡೆಯಿಂದ ಬಾಗಿಲು ಅರ್ಧ ತೆರೆದಿದೆ. 2022ರ ಮಾರ್ಚ್‌ನಲ್ಲಿ ಅರ್ಜಿ, ಜೂನ್‌ನಲ್ಲಿ ಅಭ್ಯರ್ಥಿ ಸ್ಥಾನ, 2024ರ ಜೂನ್‌ನಲ್ಲಿ ಮಾತುಕತೆಗೆ ಚಾಲನೆ. ಆದರೆ ಮೊಲ್ಡೊವಾದ ಕಡತವನ್ನು ಉಕ್ರೇನ್ ಕಡತದ ಜೊತೆ ಕಟ್ಟಿದ್ದರು. ಹಂಗೇರಿ ಉಕ್ರೇನಿಗೆ ಅಡ್ಡ ಹಾಕಿದ್ದರಿಂದ 2025ರಲ್ಲಿ ಮೊಲ್ಡೊವಾ ಕೂಡ ಕಾದು ಕೂರಬೇಕಾಯಿತು. ಒಡೆದ ದೇಶ ಸೇರಬಹುದೇ ಎಂಬ ಪ್ರಶ್ನೆಗೆ ಸೈಪ್ರಸ್ ಉದಾಹರಣೆ ಇದೆ. ಅದು 2004ರಲ್ಲಿ ಎರಡು ಹೋಳಾಗಿದ್ದುಕೊಂಡೇ ಸೇರಿತು. ಆದರೆ ಸೈಪ್ರಸ್‌ನಲ್ಲಿ ರಷ್ಯಾದ ಸೇನೆ ಇರಲಿಲ್ಲ. ವ್ಯಾಪಾರವಂತೂ ಆಗಲೇ ಅತ್ತ ತಿರುಗಿದೆ. 2006ರಲ್ಲಿ, ಮತ್ತೆ 2013ರಲ್ಲಿ ರಷ್ಯಾ ಮೊಲ್ಡೊವಾದ ವೈನ್ ನಿಷೇಧಿಸಿತು. ತೋಟದವರು ಬೇರೆ ಗಿರಾಕಿಗಳನ್ನು ಹುಡುಕಿಕೊಂಡರು. ಈಗ ರಫ್ತಿನ ಅರ್ಧಕ್ಕಿಂತ ಹೆಚ್ಚು ಯುರೋಪಿಯನ್ ಯೂನಿಯನ್‌ಗೆ ಹೋಗುತ್ತದೆ. ತಮಾಷೆ ಎಂದರೆ ಟ್ರಾನ್ಸ್‌ನಿಸ್ಟ್ರಿಯಾದ ಕಂಪನಿಗಳೂ ಕಿಶಿನೌನಲ್ಲಿ ನೋಂದಾಯಿಸಿಕೊಂಡು ಅಲ್ಲಿಗೇ ಮಾರುತ್ತವೆ.

ಮುಂದೆ ನೋಡಬೇಕಾದ್ದು 2027ರ ಸ್ಥಳೀಯ ಚುನಾವಣೆ. ದೇಶವನ್ನು ಸುಮಾರು 900 ಸಣ್ಣ ಸಣ್ಣ ಆಡಳಿತ ಘಟಕಗಳಾಗಿ ಹಂಚಿದ್ದಾರೆ. ಎಷ್ಟೋ ಕಡೆ ಒಂದೂವರೆ ಸಾವಿರ ಜನವೂ ಇಲ್ಲ. ಶಾಲೆ, ರಸ್ತೆ, ನೀರು ನೋಡಿಕೊಳ್ಳಲು ದುಡ್ಡೂ ಇಲ್ಲ, ಆಳೂ ಇಲ್ಲ. ಹಳ್ಳಿಗಳನ್ನು ಒಟ್ಟುಗೂಡಿಸಬೇಕು ಎಂದು ಸರ್ಕಾರ ಹೇಳುತ್ತಿದೆ, ತನ್ನ ಊರಿನ ಪುರಸಭೆ ಹೋಗುತ್ತದೆ ಎಂದರೆ ಯಾವ ಮೇಯರ್‌ಗೆ ಇಷ್ಟ? 2023ರಲ್ಲಿ ಕಿಶಿನೌ ಮೇಯರ್ ಸ್ಥಾನವನ್ನೇ ಪಿಎಎಸ್‌ಗೆ ಗೆಲ್ಲಲಾಗಲಿಲ್ಲ, ಇಯೋನ್ ಚೆಬಾನ್ ಮೊದಲ ಸುತ್ತಿನಲ್ಲೇ ಮತ್ತೆ ಆರಿಸಿಬಂದರು. ಸ್ಥಳೀಯ ಚುನಾವಣೆಗೆ ಹೊರದೇಶಗಳಲ್ಲಿ ಮತಗಟ್ಟೆ ತೆರೆಯುವುದಿಲ್ಲ. ಅವತ್ತು ಎಣಿಸುವುದು ಊರಲ್ಲಿ ಉಳಿದವರ ಮತ ಮಾತ್ರ.